ಬ್ರೆಡ್ ಶೇಖರಣೆ

ಬ್ರೆಡ್ ಶೇಖರಣೆ : ಕೊಂಡ ಅಥವಾ ಮನೆಯಲ್ಲಿ ಬೇಯಿಸಿದ ಬ್ರೆಡ್ಡು ತಂಗಳಾಗದಂತೆ, ಬೂಷ್ಟು ಹಿಡಿಯದಂತೆ ಇಟ್ಟುಕೊಳ್ಳುವ ಕ್ರಮ. ತಂಗಳಾಗುವುದು ಬೇರೆ, ಬೂಷ್ಟು ಹಿಡಿಯುವುದು ಬೇರೆ. ಒಂದನ್ನು ತಡೆಯುವ ಉಪಾಯ ಇನ್ನೊಂದನ್ನು ಬೇಗ ಕರೆಸಿಕೊಳ್ಳಬಹುದು. ಫ್ರಿಜ್ಜಿನಲ್ಲಿ ಆಗುವುದು ಇದೇ. ಅಲ್ಲಿ ಬೂಷ್ಟು ತಡವಾಗಿ ಬರುತ್ತದೆ, ಬ್ರೆಡ್ಡು ಮಾತ್ರ ಬೇಗ ಬಿರುಸಾಗುತ್ತದೆ. ಎರಡು ಮೂರು ದಿನದಲ್ಲಿ ಮುಗಿಯುವ ಬ್ರೆಡ್ಡಿಗೆ ಅಡುಗೆಮನೆಯ ಡಬ್ಬಿ, ಅದಕ್ಕೂ ಹೆಚ್ಚು ದಿನ ಉಳಿಯಬೇಕಾದ್ದಕ್ಕೆ ಫ್ರೀಜರ್. ಬಹುಪಾಲು ಮನೆಗಳಲ್ಲಿ ಬ್ರೆಡ್ಡು ಇರುವುದು ಇವೆರಡರಲ್ಲೂ ಅಲ್ಲ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಹಾಲಿನ ಪಾತ್ರೆಯ ಪಕ್ಕ.

ತಂಗಳಾಗುವ ಬಗೆ : ಬ್ರೆಡ್ಡು ಒಣಗಿ ತಂಗಳಾಗುತ್ತದೆ ಎಂದು ತಿಳಿದವರೇ ಹೆಚ್ಚು. ಇದು ಪೂರ್ತಿ ನಿಜವಲ್ಲ ಎಂದು 1852ರಲ್ಲಿ ಫ್ರಾನ್ಸಿನ ರಸಾಯನವಿಜ್ಞಾನಿ ಬುಸ್ಸಾಂಗೋ ತೋರಿಸಿದ. ತೇವ ಹೊರಹೋಗದಂತೆ ಮುಚ್ಚಿಟ್ಟ ಬ್ರೆಡ್ಡೂ ತಂಗಳಾಯಿತು, 60° ಸೆ.ಗೂ ಮೇಲೆ ಕಾಯಿಸಿದಾಗ ಮತ್ತೆ ಮೆದುವಾಯಿತು. ಬರೀ ಒಣಗಿದ್ದೇ ಕಾರಣವಾಗಿದ್ದರೆ ಕಾಯಿಸಿದಷ್ಟೂ ಇನ್ನಷ್ಟು ಒಣಗಬೇಕಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಡಚ್ ವಿಜ್ಞಾನಿ ಕಾಟ್ಸ್ ಇದರ ಬೆನ್ನು ಹತ್ತಿ, ಕ್ಷ-ಕಿರಣಗಳ ನೆರವಿನಿಂದ ಪಿಷ್ಟದ ಒಳಗೆ ಆಗುವ ಬದಲಾವಣೆಯನ್ನು ಗುರುತಿಸಿದ. ಬೇಯುವಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಸಡಿಲಗೊಳ್ಳುತ್ತವೆ. ಆರಿದ ಮೇಲೆ ಅವುಗಳ ಎಳೆಗಳು ಮತ್ತೆ ಒತ್ತಾಗಿ ಜೋಡಿಕೊಂಡು ಹರಳುಗಟ್ಟುತ್ತವೆ. ಅಮೈಲೋಸ್ ಎಂಬ ಭಾಗ ಕೆಲವೇ ಗಂಟೆಗಳಲ್ಲಿ ಹೀಗೆ ಕೂಡುತ್ತದೆ. ಬಿಸಿ ಬ್ರೆಡ್ಡನ್ನು ಕೊಯ್ದರೆ ಮುದ್ದೆಯಾಗಿ, ಆರಿದ್ದನ್ನು ಕೊಯ್ದರೆ ಚೊಕ್ಕವಾಗಿ ಬರುವುದು ಇದರಿಂದಲೇ. ಅಮೈಲೋಪೆಕ್ಟಿನ್ ದಿನಗಟ್ಟಲೆ ತೆಗೆದುಕೊಳ್ಳುತ್ತದೆ. ಬ್ರೆಡ್ಡು ತಂಗಳಾಗುವುದು ಮುಖ್ಯವಾಗಿ ಈ ನಿಧಾನದ ಕೆಲಸದಿಂದ.

ಅನ್ನ ಉಣ್ಣುವವರಿಗೆ ಇದು ಹೊಸದೇನಲ್ಲ. ರಾತ್ರಿ ಮಿಕ್ಕ ಅನ್ನವನ್ನು ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಅಗುಳು ಬಿರುಸಾಗಿ ಬಿಡಿಬಿಡಿಯಾಗಿರುತ್ತದೆ, ಹಬೆಗಿಟ್ಟರೆ ಮೆತ್ತಗಾಗುತ್ತದೆ. ಚಿತ್ರಾನ್ನಕ್ಕೆ ತಂಗಳನ್ನವೇ ವಾಸಿ ಎನ್ನುವವರು ಬುಸ್ಸಾಂಗೋನ ಪಾಠವನ್ನು ಒಗ್ಗರಣೆಯ ಬಾಣಲೆಯಲ್ಲೇ ಕಲಿತವರು.

ಪಿಷ್ಟ ಅತಿ ವೇಗವಾಗಿ ಹರಳುಗಟ್ಟುವುದು ಹೆಪ್ಪುಗಟ್ಟದೆ ಬರೀ ತಣ್ಣಗಿರುವ ಸ್ಥಿತಿಯಲ್ಲಿ, ಶೂನ್ಯಕ್ಕಿಂತ ತುಸು ಮೇಲೆ. ಫ್ರಿಜ್ಜಿನ 4° ಸೆ. ಇದಕ್ಕೆ ಹೇಳಿ ಮಾಡಿಸಿದ ಹವೆ. ಫ್ರೀಜರಿನ ಮೈನಸ್ 18° ಸೆ.ನಲ್ಲಿ ಬ್ರೆಡ್ಡಿನೊಳಗಿನ ನೀರಿನ ಬಹುಪಾಲು ಗಡ್ಡೆಕಟ್ಟಿ, ಎಳೆಗಳು ಅಲುಗಾಡಲಾಗದೆ ನಿಂತುಬಿಡುತ್ತವೆ.

ಬೂಷ್ಟು ಮತ್ತು ನೂಲು : ಬ್ರೆಡ್ಡಿನ ಮೇಲೆ ಕಾಣುವ ಕಪ್ಪು, ಹಸಿರು, ನೀಲಿ ಬೂಷ್ಟು ರೈಜೋಪಸ್, ಪೆನಿಸಿಲಿಯಂ, ಆಸ್ಪರ್ಜಿಲಸ್ ಮೊದಲಾದ ಶಿಲೀಂಧ್ರಗಳದು. ಒಲೆಯ ಕಾವಿನಲ್ಲಿ ಇವು ಉಳಿಯುವುದಿಲ್ಲ. ಆರುವಾಗ, ಕೊಯ್ಯುವಾಗ, ಕಟ್ಟುವಾಗ ಗಾಳಿಯಿಂದಲೂ ಕೈಯಿಂದಲೂ ಬಂದು ಕೂರುತ್ತವೆ. ಬಿಸಿ ಆರುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರಿ, ಬೂಷ್ಟಿಗೆ ನಾವೇ ಹಾಸಿಗೆ ಹಾಸಿಕೊಟ್ಟಂತೆ. ಕಂಡ ಭಾಗವನ್ನಷ್ಟೇ ಚಿವುಟಿ ಉಳಿದದ್ದನ್ನು ತಿನ್ನುವುದು ಸರಿಯಲ್ಲ. ಮೆದುವಾದ ತಿರುಳಿನಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ.

ಸೆಕೆಯ ಊರುಗಳಲ್ಲಿ ಇನ್ನೊಂದು ಕೇಡಿದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಒಲೆಯ ಕಾವನ್ನೂ ತಾಳಿಕೊಂಡು ತಿರುಳಿನಲ್ಲಿ ಉಳಿಯುತ್ತವೆ. ಒಂದೆರಡು ದಿನದಲ್ಲಿ ಅತಿಯಾಗಿ ಕಳಿತ ಹಣ್ಣಿನ ವಾಸನೆ ಹೊಡೆಯುತ್ತದೆ. ಮುರಿದರೆ ಅಂಟಂಟಾದ ನೂಲು ಎಳೆಯುತ್ತದೆ. ಇಂಥದನ್ನು ಎಸೆಯುವುದೊಂದೇ ದಾರಿ. ಹುಳಿ ಇದಕ್ಕೆ ವೈರಿ, ಆದ್ದರಿಂದ ಹುಳಿಹಿಟ್ಟಿನ ಬ್ರೆಡ್ಡುಗಳು ಹೆಚ್ಚು ಬಾಳುತ್ತವೆ. ಕಾರ್ಖಾನೆಯ ಬ್ರೆಡ್ಡಿನ ಪೊಟ್ಟಣದಲ್ಲಿ 282 ಎಂಬ ಸಂಖ್ಯೆ ಕಂಡರೆ ಅದು ಕ್ಯಾಲ್ಸಿಯಂ ಪ್ರೊಪಿಯೊನೇಟ್. ಬೂಷ್ಟು, ನೂಲು ಎರಡನ್ನೂ ಹಿಂದಕ್ಕೆ ತಳ್ಳುವ ಲವಣ. ಅದನ್ನು ಹಾಕದ ಬೇಕರಿಯ ಬ್ರೆಡ್ಡನ್ನು ಮಳೆಗಾಲದಲ್ಲಿ ಹೊರಗೆ ಮೂರು ದಿನ ನಂಬುವುದು ಕಷ್ಟ.

ಫ್ರೀಜರಿನಲ್ಲಿ ಇಡುವುದು : ತಾಜಾ ಇರುವಾಗಲೇ ಇಡಬೇಕು. ಫ್ರೀಜರ್ ಕಾಲವನ್ನು ನಿಲ್ಲಿಸುತ್ತದೆ, ಹಿಂದಕ್ಕೆ ತಿರುಗಿಸುವುದಿಲ್ಲ. ನಾಲ್ಕು ದಿನದ ಬ್ರೆಡ್ಡನ್ನಿಟ್ಟರೆ ತೆಗೆದಾಗ ಸಿಗುವುದೂ ನಾಲ್ಕು ದಿನದ್ದೇ. ಪೂರ್ತಿ ಆರಿಸಿ, ಹೋಳು ಮಾಡಿ, ದಪ್ಪನೆಯ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಮುಚ್ಚಬೇಕು. ಗಾಳಿ ಉಳಿದರೆ ಮಂಜು ನೀರಾಗದೆ ನೇರವಾಗಿ ಆವಿಯಾಗಿ, ಅಂಚುಗಳು ಬಿಳಿಚಿ ಸೌದೆಯಂತಾಗುತ್ತವೆ. ಚೀಲದೊಳಗೆ ಕಾಣುವ ಹರಳುಮಂಜು ಬ್ರೆಡ್ಡಿನಿಂದಲೇ ಹೊರಬಿದ್ದ ನೀರು. ಬ್ರೆಡ್ಡು ವಾಸನೆಯನ್ನೂ ಬೇಗ ಹೀರುತ್ತದೆ. ಮೀನಿನ ಪೊಟ್ಟಣದ ಮಗ್ಗುಲಲ್ಲಿ ಸಡಿಲವಾಗಿ ಕಟ್ಟಿಟ್ಟ ಬನ್ನನ್ನು ಮಕ್ಕಳು ಮೂಸಿ ನೋಡಿ ಬಿಟ್ಟೇಳುತ್ತಾರೆ. ಬಿಗಿಯಾಗಿ ಮುಚ್ಚಿಟ್ಟದ್ದು ಎರಡು ಮೂರು ತಿಂಗಳು ರುಚಿ ಕಾಪಾಡಿಕೊಳ್ಳುತ್ತದೆ. ಆಮೇಲೂ ಕೆಡುವುದಿಲ್ಲ, ಸಪ್ಪೆಯಾಗುತ್ತದೆ.

ಒಂದೇ ಬಾಗಿಲಿನ ಫ್ರಿಜ್ಜಿನ ಮೇಲ್ಭಾಗದ ಮಂಜಿನ ಪೆಟ್ಟಿಗೆ ಎಲ್ಲ ಕಾಲದಲ್ಲೂ ಮೈನಸ್ 18ರವರೆಗೆ ಇಳಿಯುತ್ತದೆಂಬ ಭರವಸೆಯಿಲ್ಲ. ಯುರೋಪಿನ ಫ್ರೀಜರುಗಳಲ್ಲಿ ಒಂದು ನಕ್ಷತ್ರವೆಂದರೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18. ನಮ್ಮ ಫ್ರಿಜ್ಜುಗಳ ಬಾಗಿಲಿಗೆ ಅಂಟಿಸಿದ ನಕ್ಷತ್ರಗಳು ವಿದ್ಯುತ್ ಉಳಿತಾಯದವು. ಎರಡನ್ನೂ ಒಂದೆಂದು ಎಣಿಸಬಾರದು. ಕರೆಂಟು ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಬ್ರೆಡ್ಡು ಕರಗಿ ಮತ್ತೆ ಗಡ್ಡೆಕಟ್ಟುವುದುಂಟು. ಪ್ರತಿ ಸಲವೂ ಅದು ತಂಗಳಾಗುವ ಹವೆಯನ್ನು ದಾಟಿ ಹೋಗಿ ಬರುತ್ತದೆ. ಅಂಥಲ್ಲಿ ಎರಡು ವಾರದೊಳಗೆ ಖರ್ಚು ಮಾಡುವುದೇ ಲೇಸು.

ತೆಗೆದು ಬಳಸುವುದು : ಹೋಳುಗಳನ್ನು ಕರಗಲು ಕಾಯದೆ ನೇರವಾಗಿ ಟೋಸ್ಟರಿಗೋ ಕಾದ ಕಾವಲಿಗೋ ಹಾಕಬಹುದು. ಇಡೀ ಬ್ರೆಡ್ಡನ್ನು ಚೀಲ ಬಿಚ್ಚದೆ ಹೊರಗಿಡಬೇಕು. ಹೊರಗಿನ ತೇವ ಆಗ ಚೀಲದ ಮೇಲೆ ಕೂರುತ್ತದೆ, ಬ್ರೆಡ್ಡಿನ ಮೇಲಲ್ಲ. ಆಮೇಲೆ ಮೇಲೆ ನೀರು ಚಿಮುಕಿಸಿ ಬಿಸಿ ಓವನ್ನಿನಲ್ಲಿ ಕೆಲವು ನಿಮಿಷ ಇಟ್ಟರೆ ತಿರುಳು ಮೆತ್ತಗಾಗಿ ಹೊರಪದರ ಗರಿಗರಿಯಾಗುತ್ತದೆ. ಓವನ್ ಇಲ್ಲದ ಮನೆಯಲ್ಲಿ ಮುಚ್ಚಿದ ಕಾವಲಿ ಸಾಕು. ಈ ಮೆದು ಹೆಚ್ಚು ಹೊತ್ತು ನಿಲ್ಲದು, ಬಿಸಿಯಿರುವಾಗಲೇ ತಿನ್ನಬೇಕು. ಮೈಕ್ರೋವೇವಿನಲ್ಲಿ ಕೆಲವು ಸೆಕೆಂಡು ಹೆಚ್ಚಾದರೂ ಬ್ರೆಡ್ಡು ತೊಗಲಿನಂತಾಗುತ್ತದೆ.

2008ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಫ್ರೀಜರಿನಲ್ಲಿಟ್ಟು ತೆಗೆದು ಟೋಸ್ಟ್ ಮಾಡಿದ ಬಿಳಿ ಬ್ರೆಡ್ಡು ತಿಂದವರ ರಕ್ತದ ಸಕ್ಕರೆ ತಾಜಾ ಬ್ರೆಡ್ಡಿನಷ್ಟು ಏರಲಿಲ್ಲ. ಪಾಲ್ಗೊಂಡವರು ಹತ್ತೇ ಜನ; ಸಕ್ಕರೆ ಕಾಯಿಲೆಯವರು ಇದನ್ನೇ ನೆಚ್ಚಿ ಎರಡು ಹೋಳು ಹೆಚ್ಚು ತಿನ್ನುವಂತಿಲ್ಲ.

ಫ್ರೀಜರನ್ನು ಎಲ್ಲರೂ ಒಪ್ಪಿಕೊಂಡಿಲ್ಲ. ಫ್ರಾನ್ಸಿನ 1993ರ ಸರ್ಕಾರಿ ಆದೇಶದಂತೆ, ತಯಾರಿಯ ಯಾವ ಹಂತದಲ್ಲಾದರೂ ಹೆಪ್ಪುಗಟ್ಟಿಸಿದ ಬ್ರೆಡ್ಡನ್ನು 'ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಎಂದು ಮಾರುವಂತಿಲ್ಲ. ಆ ಹೆಸರಿನ ಬ್ರೆಡ್ಡು ಕೊಂಡವರು ಮಿಕ್ಕ ಅರ್ಧವನ್ನು ಮನೆಯ ಫ್ರೀಜರಿಗೆ ಸೇರಿಸಿದರೆ ಆದೇಶದ ಅಡ್ಡಿಯೇನಿಲ್ಲ.