ಅರ್ಕಾಟಿಯ ಮಾತು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಶಿ, ಪ್ರಯಾಗ, ಮಥುರೆಗಳಂತಹ ಯಾತ್ರಾಸ್ಥಳಗಳ ಛತ್ರಗಳಲ್ಲಿಯೂ, ಸಂತೆಯ ಬೀದಿಗಳಲ್ಲಿಯೂ, ರೈಲು ನಿಲ್ದಾಣಗಳ ಆಸುಪಾಸಿನಲ್ಲಿಯೂ ಜೀವನೋಪಾಯವನ್ನರಸಿ ಬಂದ ಬಡವನಿಗೆ ಒಬ್ಬ ಆಪ್ತನು ತಾನಾಗಿಯೇ ಎದುರಾಗುತ್ತಿದ್ದನು. ಕ್ಷಾಮದಿಂದ ಹೊಲವನ್ನು ಬಿಟ್ಟವನು, ಮನೆಯವರೊಡನೆ ಮುನಿದು ಹೊರಟ ತರುಣ, ಸಂಗಡಿಗರನ್ನು ಕಳೆದುಕೊಂಡು ನಿಂತ ವಿಧವೆ, ಇವರನ್ನು ದೂರದಿಂದಲೇ ಗುರುತಿಸುವ ಸಾಮರ್ಥ್ಯ ಅವನಿಗಿದ್ದಿತು. ನೌಕರಿ ಬೇಕೆ ಎಂದು ಕೇಳುತ್ತಿದ್ದ ಅವನನ್ನು ಜನರು ಅರ್ಕಾಟಿ ಎಂದು ಕರೆಯುತ್ತಿದ್ದರು.

ಬ್ರಿಟಿಷ್ ವಸಾಹತುಗಳಲ್ಲಿ 1834ರಲ್ಲಿ ಗುಲಾಮಗಿರಿಯು ಶಾಸನದಿಂದ ರದ್ದಾದೊಡನೆ ಕಬ್ಬಿನ ತೋಟಗಳ ಧಣಿಗಳ ದೃಷ್ಟಿ ಭಾರತದ ಮೇಲೆ ಬಿದ್ದಿತು. ಮೊದಲು ಮಾರಿಷಸ್, ಬಳಿಕ ಡೆಮೆರಾರ, ಟ್ರಿನಿಡಾಡ್, ನಟಾಲ್, ಸುರಿನಾಮ್, ಕಡೆಗೆ 1879ರಲ್ಲಿ ಫಿಜಿ. ಹೀಗೆ ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟನ್ನೊತ್ತಿ ಸಮುದ್ರವನ್ನು ದಾಟಿದವರು ಹತ್ತು ಲಕ್ಷಕ್ಕೂ ಮಿಕ್ಕಿದ್ದರು. ಆ ಕರಾರಿಗೆ ಅವರು ಗಿರ್ಮಿಟ್ ಎನ್ನುತ್ತಿದ್ದರು.

ಅರ್ಕಾಟಿಯು ಸುಳ್ಳು ಹೇಳಿ ಇವರನ್ನು ಒಪ್ಪಿಸಿದ ವಂಚನೆ ಕಾನೂನಿಲ್ಲದ ನಾಡಿನಲ್ಲಿ ನಡೆದುದಲ್ಲ ಎಂಬುದು ನನ್ನನ್ನು ಬಹುವಾಗಿ ಕಾಡುವ ಸಂಗತಿ. 1883ರ ವಲಸೆ ಶಾಸನದಂತೆ ಆಳುಗಳನ್ನು ಕೂಡಿಸುವವನಿಗೆ ಪರವಾನಗಿ ಬೇಕು. ಕೂಡಿಸಿದವರನ್ನು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ಅವರ ಸಮ್ಮತಿಯನ್ನು ದಾಖಲಿಸಬೇಕು. ಬಂದರಿನಲ್ಲಿ ವಲಸೆಗಾರರ ರಕ್ಷಕನೆಂಬ ಅಧಿಕಾರಿಯಿರಬೇಕು. ಆದರೆ ಪರವಾನಗಿ ಪಡೆದವನು ಆಳುಗಳನ್ನು ಕೂಡಿಸಿಡುವ ಡಿಪೋದಲ್ಲಿ ಕುಳಿತಿರುತ್ತಿದ್ದನು. ಊರೂರು ಅಲೆದು ಮಾತನಾಡುತ್ತಿದ್ದ ಅರ್ಕಾಟಿಗೆ ಅನೇಕ ವೇಳೆ ಯಾವ ಪರವಾನಗಿಯೂ ಇರಲಿಲ್ಲ. ಸರ್ಕಾರವು ಕಾಗದವನ್ನು ಪರೀಕ್ಷಿಸಿತು. ಸುಳ್ಳು ಹುಟ್ಟಿದ್ದು ಬಾಯಿಮಾತಿನಲ್ಲಿ, ಮತ್ತು ಆ ಮಾತು ಯಾವ ಕಾಗದದ ಮೇಲೂ ಬರಲಿಲ್ಲ. ಅರ್ಕಾಟಿಗೆ ದೊರೆಯುತ್ತಿದ್ದುದು ತಲೆಗಿಷ್ಟೆಂಬ ಹಣ. ನೂರು ಗಂಡಸರಿಗೆ ನಲವತ್ತು ಹೆಂಗಸರಿರಬೇಕೆಂಬ ನಿಯಮವಿದ್ದುದರಿಂದ ಹೆಣ್ಣಿನ ತಲೆಗೆ ಬೆಲೆ ಹೆಚ್ಚು.

ಅವನು ಹೇಳಿದುದೆಲ್ಲವೂ ಅಸತ್ಯವಾಗಿರಲಿಲ್ಲ. ಆದುದರಿಂದಲೇ ಜನರು ನಂಬಿದರು. ಫಿಜಿಯಲ್ಲಿ ದಿನಕ್ಕೆ ಹನ್ನೆರಡು ಆಣೆ ಕೂಲಿಯೆಂಬ ಮಾತಿಗೆ ಕರಾರಿನಲ್ಲಿ ಆಧಾರವಿದ್ದಿತು. ಗೊತ್ತುಪಡಿಸಿದಷ್ಟು ಕೆಲಸವನ್ನು ಮುಗಿಸದವನಿಗೆ ಪೂರ್ಣ ಕೂಲಿಯಿಲ್ಲವೆಂಬುದನ್ನೂ, ಆ ದ್ವೀಪದಲ್ಲಿ ಹನ್ನೆರಡು ಆಣೆಗೆ ಹೊಟ್ಟೆ ತುಂಬುವುದು ಕಷ್ಟವೆಂಬುದನ್ನೂ, ಕೆಲಸವನ್ನು ತೊರೆದರೆ ಸೆರೆಮನೆಯೆಂಬುದನ್ನೂ ಅವನು ನುಡಿಯಲಿಲ್ಲ. ದೂರವನ್ನಂತೂ ನುಂಗಿಯೇಬಿಟ್ಟನು. ಸುರಿನಾಮ್ ಶ್ರೀರಾಮನ ದೇಶವಾಯಿತು. ಫಿಜಿಯು ಕಲ್ಕತ್ತೆಯ ಆಚೆಗೆ ಸ್ವಲ್ಪ ದೂರದಲ್ಲಿರುವ ಊರಾಯಿತು.

ಫಿರೋಜಾಬಾದಿನ ಸಮೀಪದ ಹಳ್ಳಿಯ ತೋತಾರಾಮ ಸನಾಢ್ಯರು 1893ರಲ್ಲಿ, ಇನ್ನೂ ಮೀಸೆ ಮೂಡುವ ಪ್ರಾಯದಲ್ಲಿ, ಪ್ರಯಾಗದ ಪೇಟೆಯಲ್ಲಿ ಇಂತಹವನೊಬ್ಬನ ಕೈಗೆ ಸಿಕ್ಕಿದರು. ಹೊರಗಿನವರೊಡನೆ ಮಾತನಾಡಗೊಡದೆ ಇರಿಸಿಕೊಂಡು, ಸಾಹೇಬರು ಏನು ಕೇಳಿದರೂ ಹೌದೆನ್ನಬೇಕೆಂದು ಪಾಠ ಹೇಳಿ, ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಲಾಯಿತು. ನೂರ ಅರವತ್ತೈದು ಜನರ ದಾಖಲೆ ಇಪ್ಪತ್ತು ನಿಮಿಷಗಳಲ್ಲಿ ಮುಗಿಯಿತೆಂದು ಅವರು ಬರೆದಿದ್ದಾರೆ. ಒಬ್ಬ ಮನುಷ್ಯನ ಐದು ವರ್ಷಗಳ ಬಾಳನ್ನು ನಿರ್ಣಯಿಸಲು ಎಂಟು ಸೆಕೆಂಡುಗಳೂ ಹಿಡಿಯಲಿಲ್ಲ. ಇಪ್ಪತ್ತೊಂದು ವರ್ಷಗಳ ತರುವಾಯ ಸ್ವದೇಶಕ್ಕೆ ಮರಳಿ ಅವರು ಪ್ರಕಟಿಸಿದ ಹಿಂದಿ ಗ್ರಂಥವು ಈ ಪದ್ಧತಿಯ ವಿರುದ್ಧ ಜನಮತವನ್ನು ಬಲಪಡಿಸಿತು. ಬಿಹಾರದ ಕಡೆ ಅರ್ಕಾಟಿಗಳಿಂದ ಎಚ್ಚರವಾಗಿರಿ ಎಂಬ ಕರಪತ್ರಗಳೂ ಹಂಚಲ್ಪಟ್ಟವು. ಈ ಪದ್ಧತಿಯನ್ನು ನಿಲ್ಲಿಸಬೇಕೆಂದು ಗೋಖಲೆಯವರು 1912ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಂಡಿಸಿದ ನಿರ್ಣಯವು ಸೋತಿತು. 1916ರಲ್ಲಿ ಮಾಳವೀಯರ ನಿರ್ಣಯಕ್ಕೆ ಸರ್ಕಾರ ಮಣಿಯಿತು. ಮರುವರ್ಷ ಆಳುಗಳ ಸಂಗ್ರಹ ನಿಂತಿತು. 1920ರ ಜನವರಿ 1ರಂದು ಫಿಜಿಯಲ್ಲಿ ಉಳಿದಿದ್ದ ಕರಾರುಗಳು ರದ್ದಾದವು.

ಅರ್ಕಾಟಿಗೆ ಹೋಲಿಸಿದರೆ, ನಮ್ಮ ಕೊಡಗಿನ ಕಾಫಿ ತೋಟಗಳಿಗೆ ಆಳುಗಳನ್ನು ತರುತ್ತಿದ್ದ ಮೇಸ್ತ್ರಿಯ ರೀತಿ ಬೇರೆ. ಅವನು ಬಹುಮಟ್ಟಿಗೆ ಆಳುಗಳ ಪರಿಚಿತನೇ. ಅವನ ಪಾಶ ಮುಂಗಡ ಹಣ. ಅದನ್ನು ಪಡೆದು ಕೆಲಸ ಬಿಟ್ಟವನನ್ನು ಮೂರು ತಿಂಗಳವರೆಗೆ ಸೆರೆಗೆ ತಳ್ಳಬಹುದೆಂಬ 1859ರ ಕಾಯಿದೆ 1920ರ ದಶಕದವರೆಗೆ ಜೀವಂತವಾಗಿದ್ದಿತು.

ಇತ್ತೀಚಿನ ವರ್ಷಗಳಲ್ಲಿ ಕಾಂಬೋಡಿಯ, ಮ್ಯಾನ್ಮಾರ್‌ಗಳಲ್ಲಿ ಕಂಪ್ಯೂಟರಿನ ಕೆಲಸವಿದೆಯೆಂಬ ಮಾತನ್ನು ನಂಬಿ ಹೋಗಿ, ಪಾಸ್‌ಪೋರ್ಟನ್ನು ಕಳೆದುಕೊಂಡು, ದೂರವಾಣಿಯಲ್ಲಿ ಪರರನ್ನು ವಂಚಿಸುವ ಕಾರ್ಯಕ್ಕೇ ಬಲಾತ್ಕಾರದಿಂದ ಹೂಡಲ್ಪಟ್ಟ ಭಾರತೀಯರಲ್ಲಿ ಕನ್ನಡಿಗ ತರುಣರೂ ಇದ್ದರೆಂಬುದನ್ನು ಓದುವಾಗ ನನಗೆ ಆ ಪ್ರಯಾಗದ ಪೇಟೆ ನೆನಪಾಗುತ್ತದೆ. ಈಗಲೂ ಅದೇ ಅವಸರ. ಮನೆಯವರಿಗೆ ಆಮೇಲೆ ತಿಳಿಸಿದರಾಯಿತೆಂಬ ಅದೇ ಸಲಹೆ. ಅಧಿಕಾರಿ ಕೇಳಿದರೆ ಪ್ರವಾಸಕ್ಕೆ ಹೊರಟಿರುವೆನೆಂದು ಹೇಳಬೇಕೆಂಬ ಅದೇ ಪಾಠ. ಹೆಚ್ಚಿನದೆಂದರೆ, ಅರ್ಕಾಟಿಯು ಹಣವನ್ನು ಡಿಪೋದವರಿಂದ ಪಡೆದನು, ಇಂದಿನ ದಲ್ಲಾಳಿಯು ಕೆಲಸ ಬೇಡುವವನಿಂದಲೇ ಮುಂಚಿತವಾಗಿ ಪಡೆಯುತ್ತಾನೆ. ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಪ್ರತಿನಿಧಿಯು ನೋಂದಾಯಿತನಾಗಿರಬೇಕೆಂದು 1983ರ ಶಾಸನವು ವಿಧಿಸಿದೆ. ಆ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಆದರೆ ಹಳ್ಳಿಗೆ ಬಂದು, ಅಥವಾ ಮೊಬೈಲಿನಲ್ಲಿ ಕರೆಮಾಡಿ, ಸಂಬಳದ ಅಂಕಿಯನ್ನು ಹೇಳುವವನು ಬಹುಶಃ ಆ ಪ್ರತಿನಿಧಿಯೇ ಅಲ್ಲ, ಅವನ ಹೆಸರನ್ನು ಹೇಳಿಕೊಳ್ಳುವ ಮತ್ತೊಬ್ಬನು. ಆ ಮತ್ತೊಬ್ಬನ ಹೆಸರು ಇಂದಿಗೂ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.