ಮೈಕ್ರೋಆರ್‌ಎನ್‌ಎ ಚಿಕಿತ್ಸೆ: ನರಜನ್ಯ ನೋವಿನ ಪ್ರಾಣಿ ಪ್ರಯೋಗಗಳು

ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುವ, ಸುಮಾರು 22 ನ್ಯೂಕ್ಲಿಯೋಟೈಡ್ ಉದ್ದದ ಆರ್‌ಎನ್‌ಎ ತುಣುಕುಗಳೇ ಮೈಕ್ರೋಆರ್‌ಎನ್‌ಎ. 1993ರಲ್ಲಿ ಇವು ಮೊದಲು ಸಿಕ್ಕಿದ್ದು ಒಂದು ಪುಟ್ಟ ದುಂಡುಹುಳುವಿನಲ್ಲಿ. ಶೋಧಕರಾದ ವಿಕ್ಟರ್ ಆಂಬ್ರೋಸ್, ಗ್ಯಾರಿ ರುವ್ಕನ್ ಅವರಿಗೆ 2024ರ ನೊಬೆಲ್ ಸಂದಿತು.

ಮಧುಮೇಹ, ಕುಷ್ಠ, ಸರ್ಪಸುತ್ತು ಅಥವಾ ಪೆಟ್ಟಿನಿಂದ ನರ ಕೆಟ್ಟಾಗ ಹುಟ್ಟುವ ಉರಿ, ಚಳಕುಗಳಿಗೆ ಸಾಮಾನ್ಯ ನೋವುಗುಳಿಗೆ ಅಷ್ಟಾಗಿ ನಾಟುವುದಿಲ್ಲ. ಈ ನರಜನ್ಯ ನೋವನ್ನು ಅಭ್ಯಸಿಸಲು ಇಲಿಯ ಸಯಾಟಿಕ್ ನರಕ್ಕೆ ಸಡಿಲವಾಗಿ ದಾರ ಸುತ್ತುತ್ತಾರೆ (ಬೆನೆಟ್–ಷೀ ವಿಧಾನ, 1988), ಇಲ್ಲವೇ ಬೆನ್ನುಹುರಿಯ ನರವನ್ನು ಕಟ್ಟುತ್ತಾರೆ (ಕಿಮ್–ಚುಂಗ್, 1992). ಸ್ಟ್ರೆಪ್ಟೋಜೋಟೋಸಿನ್ ಚುಚ್ಚಿ ಮಧುಮೇಹ ಬರಿಸುವುದೂ ಉಂಟು. ಬಳಿಕ ಫಾನ್ ಫ್ರೈ ಎಳೆಗಳಿಂದ ಪಾದ ಒತ್ತಿ, ಎಷ್ಟು ಒತ್ತಡಕ್ಕೆ ಇಲಿ ಕಾಲೆಳೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಅಳೆದದ್ದು ಪ್ರತಿಕ್ರಿಯೆಯನ್ನು, ಯಾತನೆಯನ್ನಲ್ಲ. ಈ ಕ್ಷೇತ್ರದ ದೊಡ್ಡ ದೌರ್ಬಲ್ಯವೇ ಇದು.

ಇಂಥ ಇಲಿಗಳ ಮೇಲಿನ 2011ರ ಪ್ರಯೋಗದಲ್ಲಿ ಮಿಆರ್-103 ಎಂಬ ಮೈಕ್ರೋಆರ್‌ಎನ್‌ಎಯನ್ನು ಬೆನ್ನುಹುರಿಯ ದ್ರವಕ್ಕೆ ಸೇರಿಸಿದಾಗ ಕ್ಯಾಲ್ಸಿಯಂ ನಾಳಗಳ ಚಟುವಟಿಕೆ ತಗ್ಗಿ, ಅವುಗಳ ನೋವಿನ ಪ್ರತಿಕ್ರಿಯೆ ಇಳಿಯಿತು. 2013ರಲ್ಲಿ ಜಪಾನಿನ ಸಂಶೋಧಕರು, ಗಾಯಗೊಂಡ ನರಗಂಟಿನಲ್ಲಿ ಕುಸಿದಿದ್ದ ಮಿಆರ್-7ಎಯನ್ನು ವೈರಸ್ ವಾಹಕದ ಮೂಲಕ ತುಂಬಿಕೊಟ್ಟರು. ಸೋಡಿಯಂ ನಾಳದ ಬೀಟಾ-2 ಘಟಕ ತಗ್ಗಿ, ನರಕೋಶಗಳ ಉದ್ರೇಕ ಕಡಿಮೆಯಾಯಿತು.

ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳನ್ನು ಮುಟ್ಟಬಲ್ಲದು, ಆದ್ದರಿಂದ ಅಡ್ಡಪರಿಣಾಮದ ಭಯ ಸಹಜ. ಕ್ಯಾನ್ಸರಿಗೆಂದು ಮಾನವರಲ್ಲಿ ಪರೀಕ್ಷಿಸಿದ ಎಂಆರ್‌ಎಕ್ಸ್34 ಎಂಬ ಮೈಕ್ರೋಆರ್‌ಎನ್‌ಎ ಔಷಧದ ಪ್ರಯೋಗ ತೀವ್ರ ರೋಗನಿರೋಧಕ ಪ್ರತಿಕ್ರಿಯೆಗಳಿಂದಾಗಿ 2016ರಲ್ಲಿ ನಿಂತಿತು.