ಮಾರ್ಕೋನಹಳ್ಳಿ ಡ್ಯಾಂ: ‘ಅಪಾಯದ ವರ್ಗ’ ಅಂದ್ರೆ ಏನು? ಜನ ತಿಳ್ಕೋಬೇಕಾದ ವಿಷಯ

ಕುಣಿಗಲ್: ಮಳೆ ಜೋರಾದರೆ ತಾಲ್ಲೂಕಿನಲ್ಲಿ ಮೊದಲು ಕೇಳಿಬರೋ ಮಾತು, ‘ಮಾರ್ಕೋನಹಳ್ಳಿ ತುಂಬ್ತಾ? ಡ್ಯಾಂ ಗಟ್ಟಿ ಇದೆಯಾ?’ ಗಟ್ಟಿ ಇದೆಯಾ ಅನ್ನೋದು ಒಂದು ಲೆಕ್ಕ. ಅಪಾಯದ ವರ್ಗ ಅನ್ನೋದು ಬೇರೆಯೇ ಲೆಕ್ಕ.

ಡ್ಯಾಂ ಪರಿಚಯ: ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ್ದು. ವಯಸ್ಸು 80 ದಾಟಿದೆ. ನಡುವೆ ಕಲ್ಲಿನ ಕಟ್ಟೆ, ಎರಡೂ ಕಡೆ ಮಣ್ಣಿನ ಏರಿ. ಸಾಮರ್ಥ್ಯ ಸುಮಾರು 2.4 ಟಿಎಂಸಿ. ಗುಬ್ಬಿ ತಾಲ್ಲೂಕಿನ ಕಡಬ ಕೆರೆ ಕೋಡಿ ಬಿದ್ದರೆ ಆ ನೀರೂ ಇಲ್ಲಿಗೇ ಬರುತ್ತೆ.

ಅಪಾಯದ ವರ್ಗ: ಡ್ಯಾಂ ಒಡೆದರೆ ಕೆಳಗಿನ ಜನ, ಮನೆ, ಹೊಲ, ರಸ್ತೆಗೆ ಎಷ್ಟು ನಷ್ಟ ಅನ್ನೋದರ ಮೇಲೆ ಇದು ನಿಂತಿದೆ. ಕೇಂದ್ರ ಜಲ ಆಯೋಗದ ಮಾರ್ಗಸೂಚಿಯಲ್ಲಿ 4 ವರ್ಗ ಇವೆ, 4ನೆಯದು ಅತಿ ಹೆಚ್ಚು ಅಪಾಯದ್ದು. ಕಟ್ಟೆಯಲ್ಲಿ ಒಂದು ಬಿರುಕೂ ಇಲ್ಲದಿದ್ದರೂ ನದಿ ಪಕ್ಕ ಮನೆ, ಅಂಗಡಿ ಹೆಚ್ಚಾದರೆ ವರ್ಗ ಮೇಲೇರಬಹುದು.

ದೋಷದ ಶ್ರೇಣಿ: ಬಿರುಕು, ಸೋರಿಕೆ ನೋಡಿ ಕೊಡೋದು ಇದು. ಇಲ್ಲಿ 3 ಶ್ರೇಣಿ. ಆದರೆ ಲೆಕ್ಕ ಉಲ್ಟಾ, 1 ಅಂದ್ರೆ ಒಡೆಯುವಷ್ಟು ಗಂಭೀರ ದೋಷ. ಸುದ್ದಿಯಲ್ಲಿ ಬರೀ ನಂಬರ್ ನೋಡಿ ಗಾಬರಿಯಾಗಬೇಡಿ, ಯಾವ ಪಟ್ಟಿ ಅಂತ ಮೊದಲು ಕೇಳಿ.

ಸೈಫನ್ ಹುಷಾರು: ಡ್ಯಾಂ ಒಡೆಯದೆಯೂ ಜೀವ ಹೋಗುತ್ತೆ. ಇಲ್ಲಿರೋದು ತಾನೇ ತೆರೆದುಕೊಳ್ಳುವ ಸೈಫನ್. ನೀರು ನಿಗದಿತ ಮಟ್ಟ ಮುಟ್ಟಿದ ಕೂಡಲೇ ಒಳಗಿನ ಗಾಳಿ ಹೊರಗೆ ಹೋಗಿ ರಭಸದಿಂದ ಹರಿಯುತ್ತೆ, ಯಾರೂ ಗೇಟ್ ಎತ್ತಬೇಕಿಲ್ಲ. 2025ರ ಅಕ್ಟೋಬರ್‌ನಲ್ಲಿ ನೋಡಲು ಬಂದಿದ್ದ ಒಂದೇ ಕುಟುಂಬದವರು ಹೀಗೇ ಕೊಚ್ಚಿಹೋದರು. ತುಂಬಿರುವಾಗ ಕೆಳಗೆ ಇಳಿಯಲೇಬೇಡಿ.

ಕಾನೂನು: 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರಕಾರ ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಪಾಸಣೆ ಕಡ್ಡಾಯ. ಹಳೇ ಡ್ಯಾಂಗಳಿಗೆ ತುರ್ತು ಕ್ರಿಯಾ ಯೋಜನೆ 2026ರ ಡಿಸೆಂಬರ್ ಒಳಗೆ ಸಿದ್ಧ ಇರಬೇಕು. ನೀರು ಎಲ್ಲೆಲ್ಲಿ ನುಗ್ಗುತ್ತೆ, ಯಾರಿಗೆ ಹೇಗೆ ಎಚ್ಚರಿಕೆ ಕೊಡಬೇಕು ಅನ್ನೋದೆಲ್ಲ ಅದರಲ್ಲೇ ಇರುತ್ತೆ.

ನೀವು ಮಾಡಬೇಕಾದ್ದು: ನದಿ ಪಾತ್ರದ ಹಳ್ಳಿಯವರು, ಅಂಗಡಿಯವರು ಗ್ರಾಮಸಭೆಯಲ್ಲಿ ಈ ಯೋಜನೆಯಲ್ಲಿ ನಮ್ಮೂರ ಹೆಸರು ಇದೆಯಾ ಅಂತ ಕೇಳಿ. ಏರಿ ಬುಡದಲ್ಲಿ ಕೆಸರು ನೀರು ಜಿನುಗಿದರೆ, ಏರಿ ಕುಸಿದರೆ ತಕ್ಷಣ 112ಕ್ಕೆ ಅಥವಾ ಜಿಲ್ಲಾ ಸಹಾಯವಾಣಿ 1077ಕ್ಕೆ ಫೋನ್ ಮಾಡಿ. ವಾಟ್ಸಾಪ್‌ಗೆ ಹಾಕೋದು ಆಮೇಲೆ.